ಹುಟ್ಟಿಲ್ಲದ ದೋಣಿ

ನಮ್ಮೂರಿನ ದೋಣಿಗೆ ಹುಟ್ಟು ಇಲ್ಲ, ಹಾಯಿ ಇಲ್ಲ. ಒಳಗೆ ಕುಳಿತವರಲ್ಲಿ ಒಬ್ಬರು ಲೋಕದ ಬಗ್ಗೆ ಒಂದು ನಿಜ ಹೇಳಬೇಕು. ಮನುಷ್ಯರು ಮಾಡಿಕೊಂಡದ್ದರ ಬಗ್ಗೆ ಅಲ್ಲ. ಗಿಡ, ಹುಳ, ಕಲ್ಲು, ನೀರು, ಆಕಾಶ, ಇಂಥದ್ದರ ಬಗ್ಗೆ. ಅದು ದೋಣಿ ಹಿಂದೆಂದೂ ಕೇಳಿರದ ನಿಜವಾಗಿರಬೇಕು. ಹೇಳಿದರೆ ದೋಣಿ ತಾನಾಗಿ ದಡ ಬಿಡುತ್ತದೆ. ಸುಳ್ಳಾದರೆ ಅಥವಾ ಹಳೆಯದಾದರೆ ಮೊಂಡು ಎಮ್ಮೆಯ ಹಾಗೆ ನಿಂತಲ್ಲೇ ನಿಂತಿರುತ್ತದೆ. ಹೋಗುವಾಗ ಒಂದು, ಬರುವಾಗ ಒಂದು. ನದಿ ಅಗಲ, ಸೆಳವು ಜೋರು, ಬೇರೆ ದೋಣಿಗಳು ನಡುನೀರು ಮುಟ್ಟುವಷ್ಟರಲ್ಲಿ ಮಗುಚಿಕೊಳ್ಳುತ್ತವೆ. ಆಚೆ ದಡದ ಪೇಟೆ, ಆಸ್ಪತ್ರೆ, ದೊಡ್ಡ ಶಾಲೆ ಬೇಕಾದವರಿಗೆ ಇದೊಂದೇ ದಾರಿ.

ದೋಣಿ ನೋಡಿಕೊಳ್ಳುವ ಜಟ್ಟೆಪ್ಪನ ಕೆಲಸವೆಂದರೆ ಗೂಟದಿಂದ ಹಗ್ಗ ಬಿಚ್ಚುವುದು, ತೂಕ ನೋಡಿ ಜನರನ್ನು ಕೂರಿಸುವುದು, ಹೇಳುವ ಪಾಳಿ ಇವತ್ತು ಯಾರದು ಎಂದು ತೀರ್ಮಾನಿಸುವುದು. ಹಾಲುಹಲ್ಲು ಉದುರಿ ಹೊಸ ಹಲ್ಲು ತುಂಬುವ ತನಕ ಮಕ್ಕಳಿಗೆ ಪಾಳಿ ಇಲ್ಲ. ಆಮೇಲೆ ಯಾರಿಗೂ ವಿನಾಯಿತಿ ಇಲ್ಲ. ಹೇಳಲಾರದವರನ್ನು ಕರೆದುಕೊಂಡು ಬಂದವರು ಅವರ ಪಾಳಿಯನ್ನೂ ತಾವೇ ಹೊರಬೇಕು.

ಇದಕ್ಕೆ ತಕ್ಕ ಹಾಗೆ ನಾವೆಲ್ಲ ಬದುಕು ಕಟ್ಟಿಕೊಂಡಿದ್ದೇವೆ. ಪೇಟೆಗೆ ಸೀರೆ ತರಲು ಹೊರಡುವ ಹೆಂಗಸರು ಎರಡು ದಿನ ಮೊದಲೇ ಇರುವೆ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಹೆಣ್ಣು ಸೊಳ್ಳೆ ಮಾತ್ರ ಕಚ್ಚುತ್ತದೆ ಎಂಬಂಥವು ನಮ್ಮ ಅಜ್ಜಂದಿರ ಕಾಲಕ್ಕೇ ಮುಗಿದುಹೋದವು. ನವಿಲು ಕಣ್ಣೀರಿನಿಂದ ಬಸಿರಾಗುತ್ತದೆ, ಹಂಸ ಹಾಲನ್ನು ನೀರಿನಿಂದ ಬೇರ್ಪಡಿಸುತ್ತದೆ ಎಂದು ಹೇಳಿದವರೂ ಇದ್ದರು, ದೋಣಿ ಅಲುಗಲಿಲ್ಲ. ಒಮ್ಮೆ ಪಂಚಮಿಯ ಮುಂದೆ ಒಬ್ಬರು ನಾಗಪ್ಪ ಇಷ್ಟಪಟ್ಟು ಹಾಲು ಕುಡಿಯುತ್ತಾನೆ ಎಂದು ಹೇಳಿ, ದೋಣಿ ನಿಂತಲ್ಲೇ ನಿಂತಾಗ ಸಿಟ್ಟಿಗೆದ್ದು, ದೋಣಿಯನ್ನೇ ಬೈದು ಇಳಿದು ಹೋದರು. ಯಾರ ಮನೆಯಲ್ಲೇ ಆಗಲಿ, ಎಷ್ಟೇ ಬಡತನವಿರಲಿ, ಯಾರಿಗೂ ಹೇಳದ ಒಂದು ನಿಜವನ್ನು ಆಪತ್ತಿಗೆ ಅಂತ ಇಟ್ಟುಕೊಂಡಿರುತ್ತಾರೆ. ಮದುವೆಯ ದಿನ ನನ್ನ ಅವ್ವ ಕಿವಿಯಲ್ಲಿ ಒಂದು ಹೇಳಿ ಕಳಿಸಿದ್ದಳು. ಅತ್ತಿಯ ಹೂ ಕಂಡವರಿಲ್ಲ ಅನ್ನುತ್ತಾರೆ, ಆದರೆ ಅತ್ತಿಯ ಕಾಯಿಯೊಳಗೆ ಇರುವುದೆಲ್ಲ ಹೂವೇ. ಹೂಗಳನ್ನು ಒಳಗಿಟ್ಟು ಬಾಯಿ ಹೊಲಿದ ಚೀಲ ಅದು. ಇದನ್ನು ನಾನು ಬಹಳ ದಿನ ಬಚ್ಚಿಟ್ಟುಕೊಂಡಿದ್ದೆ.

ನನ್ನ ಹೆಸರು ಶಾವಂತ್ರಿ. ನಾನೂ ನನ್ನ ಗಂಡ ಈರಸಂಗಪ್ಪನೂ ಹಿಟ್ಟಿನ ಗಿರಣಿ ನಡೆಸುತ್ತೇವೆ. ನಮಗೆ ಒಬ್ಬಳೇ ಮಗಳು, ಕಸ್ತೂರಿ. ಅವಳು ಗೋಡೆ ಹಿಡಿದು ನಡೆಯಲು ಕಲಿತ ವರ್ಷ ಮಿದುಳು ಜ್ವರ ಬಂತು. ಮೈ ಕಾದ ಹಂಚಿನಂತೆ ಸುಡುತ್ತಿತ್ತು. ಕತ್ತು ಸೆಟೆದು ನಿಂತಿತ್ತು. ಅವಳನ್ನು ಸೆರಗಿನಲ್ಲಿ ಸುತ್ತಿಕೊಂಡು ದೋಣಿಗೆ ಓಡಿದೆ. ಕುಳಿತ ಕೂಡಲೇ ಅತ್ತಿಯ ಹೂವಿನ ಮಾತು ಹೇಳಿದೆ. ದೋಣಿ ಅಷ್ಟು ಜೋರಾಗಿ ಹೋದದ್ದನ್ನು ನಾನು ಆಮೇಲೆ ಎಂದೂ ಕಂಡಿಲ್ಲ. ನನಗೆ ಹಾಗೆ ಅನ್ನಿಸಿದ್ದೂ ಇರಬಹುದು. ಮಗು ಉಳಿಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಗಿರಣಿಯ ಪಟ್ಟಿ ಹರಿದು ಚಟ್ಟನೆ ಸಿಡಿಯಿತು. ಅಂಗಳದಲ್ಲಿದ್ದ ಕೋಳಿಗಳೆಲ್ಲ ಹಾರಿದವು. ಕಸ್ತೂರಿ ಮಾತ್ರ ಕೈಯಲ್ಲಿದ್ದ ಜೋಳದ ಕಾಳನ್ನು ನೋಡುತ್ತ ಕುಳಿತೇ ಇದ್ದಳು. ಅವಳ ಕಿವಿ ಹೋಗಿತ್ತು.

ನಮ್ಮೂರಲ್ಲಿ ಹಿಂದೆಯೂ ಕಿವಿ ಕೇಳದವರು, ಮಾತು ಬಾರದವರು ಇದ್ದರು. ಅವರಲ್ಲಿ ಆಚೆ ದಡ ಕಂಡವರು ಕಡಿಮೆ. ಕಂಡವರು ಅಪ್ಪನೋ ಅಣ್ಣನೋ ಬದುಕಿರುವ ತನಕ ಕಂಡರು. ಅವರು ಹೋದ ಮೇಲೆ ಈ ದಡದಲ್ಲೇ ಉಳಿದರು. ನನ್ನ ಮಗಳು ಹಾಗೆ ಉಳಿಯಬಾರದು ಎಂದು ಅವತ್ತೇ ನಿಶ್ಚಯ ಮಾಡಿದೆ. ನಾನು ಸತ್ತ ಮೇಲೂ ಅವಳು ತಾನೇ ದೋಣಿ ಹತ್ತಬೇಕು, ತಾನೇ ಹೇಳಬೇಕು, ಹೊಳೆ ದಾಟಬೇಕು.

ಆಚೆ ದಡದಲ್ಲಿ ಕಿವುಡ ಮಕ್ಕಳಿಗೆ ಮಾತು ಕಲಿಸುವ ಒಂದು ಶಾಲೆ ಇತ್ತು. ವಾರಿಜಾ ಎಂಬ ಅಕ್ಕೋರು ಅದನ್ನು ನಡೆಸುತ್ತಿದ್ದರು. ತೆಳ್ಳಗಿನ, ದಣಿವೇ ಇಲ್ಲದ ಹೆಂಗಸು. ಮೊದಲ ದಿನ ಅವರು ಕಸ್ತೂರಿಯನ್ನು ಎದುರು ಕೂರಿಸಿಕೊಂಡು, ತಮ್ಮ ತುಟಿಯ ಮುಂದೆ ಕಾಗದದ ಚೂರೊಂದನ್ನು ಹಿಡಿದು "ಪ" ಅಂದರು. ಕಾಗದ ಹಾರಿತು. ಮಗುವಿನ ಕೈಯನ್ನು ತಮ್ಮ ಗಂಟಲಿನ ಮೇಲಿಟ್ಟುಕೊಂಡು "ಅ" ಅಂದರು. ಕಸ್ತೂರಿಯ ಕಣ್ಣು ಅಗಲವಾದವು.

"ಮಾತು ಬರತದ," ಅಂದರು ಅಕ್ಕೋರು. "ಭಾಳ ವರ್ಷ ಹಿಡೀತದ. ನೀವು ದಿನಾ ಕರಕೊಂಡು ಬರಬೇಕು. ಇನ್ನೊಂದು ಮಾತು, ಆಕಿ ಕೈ ಮಾಡಿ ತೋರಸೋದನ್ನ ಬಿಡಸ್ರಿ. ಕೈಗೆ ರೂಢಿ ಆದ್ರ ಬಾಯಿ ಮೈಗಳ್ಳ ಆಗತದ."

"ಬಿಡಸ್ತೀನ್ರಿ," ಅಂದೆ.

ದಿನಾ ಅಂದರೆ ದಿನಾ. ಬೆಳಗಿನ ದೋಣಿಯಲ್ಲಿ ಹೆಚ್ಚಾಗಿ ನಾವಿಬ್ಬರೇ. ಹಾಗಾಗಿ ಹೇಳುವುದು ನಾನೇ. ಕಸ್ತೂರಿಯನ್ನು ಶಾಲೆಗೆ ಬಿಟ್ಟು ಮಧ್ಯಾಹ್ನ ಪೇಟೆಯಿಂದ ಮರಳುವವರ ಜೊತೆ ವಾಪಸು ಬರುತ್ತಿದ್ದೆ, ಸಂಜೆ ಮತ್ತೆ ಹೋಗಿ ಕರೆತರುತ್ತಿದ್ದೆ. ಜನ ತುಂಬಿದ್ದಾಗ ಬೇರೆಯವರ ಪಾಳಿಯಲ್ಲಿ ದಾಟುತ್ತಿದ್ದೆ. ಆದರೂ ನನ್ನ ಪಾಲಿಗೆ ಬರುತ್ತಿದ್ದವು ಬೇರೆ ಯಾರಿಗೂ ಬರದಷ್ಟು. ಬೇರೆ ಹೆಂಗಸರು ಸೌದೆ ಆರಿಸುವ ಹಾಗೆ ನಾನು ನಿಜ ಆರಿಸಿದೆ. ಹಿಟ್ಟು ಹಾಕಿಸಲು ಬಂದವರನ್ನೆಲ್ಲ "ಏನರ ಗೊತ್ತಿದ್ರ ಹೇಳಿ ಹೋಗ್ರಿ" ಎಂದು ಕೇಳುತ್ತಿದ್ದೆ. ಶಾಲೆಯ ಮಾಸ್ತರರು ತಮ್ಮ ಪುಸ್ತಕಗಳನ್ನು ಕೊಟ್ಟರು. ಶುಕ್ರ ಗ್ರಹ ತನ್ನ ಸುತ್ತ ತಾನು ಒಮ್ಮೆ ತಿರುಗುವುದರೊಳಗೆ ಸೂರ್ಯನ ಸುತ್ತ ಒಂದು ಸುತ್ತು ಮುಗಿಸಿರುತ್ತದೆ, ಅಲ್ಲಿ ವರ್ಷಕ್ಕಿಂತ ದಿನ ದೊಡ್ಡದು ಎಂದು ಹೇಳಿ ಒಂದು ಸಲ ದಾಟಿದೆ. ಕಡಲಿನ ಎಂಟು ಕಾಲಿನ ಅಷ್ಟಪದಿಗೆ ಮೂರು ಹೃದಯ ಎಂದು ಹೇಳಿ ಒಂದು ಸಲ. ಪೆನ್ಸಿಲ್ಲಿನ ಕಡ್ಡಿಯೂ ಉಂಗುರದ ವಜ್ರವೂ ಒಂದೇ ಪದಾರ್ಥ ಎಂದಾಗ ದೋಣಿ ಅಲುಗಲಿಲ್ಲ. ಆಚೆ ದಡದ ಅಕ್ಕಸಾಲಿಗ ಮೊದಲೇ ಅದನ್ನು ಹೇಳಿಬಿಟ್ಟಿದ್ದನಂತೆ.

ಪುಸ್ತಕದಲ್ಲಿದ್ದದ್ದು ಎಲ್ಲರಿಗೂ ಸಿಗುತ್ತದೆ, ಬೇಗ ಹಳತಾಗುತ್ತದೆ. ಆದ್ದರಿಂದ ನಾನೇ ನೋಡಲು ಕಲಿತೆ. ನಮ್ಮ ಬೆಕ್ಕಿಗೆ ಸಕ್ಕರೆ ಪಾಕ ಇಟ್ಟು, ನೀರು ಇಟ್ಟು, ಎರಡರಲ್ಲಿ ಅದು ಯಾವ ಭೇದವನ್ನೂ ಮಾಡದ್ದನ್ನು ಕಂಡು, ಬೆಕ್ಕಿಗೆ ಸಿಹಿ ತಿಳಿಯುವುದಿಲ್ಲ ಎಂದು ಅಂಜುತ್ತಲೇ ಹೇಳಿದೆ, ದೋಣಿ ಹೊರಟಿತು. ಮೆಣಸಿನಕಾಯಿ ಮಾರುವ ಹುಸೇನ್‌ಬಿ ಅಕ್ಕ, ಗಿಣಿಗಳು ಒಣಮೆಣಸಿನಕಾಯಿಯ ರಾಶಿಯ ಮೇಲೆ ಕುಳಿತು ಬೀಜ ತಿನ್ನುತ್ತವೆ, ಒಂದರ ಕಣ್ಣಲ್ಲೂ ನೀರು ಬರುವುದಿಲ್ಲ ಅಂದಳು. ಹಕ್ಕಿಗಳಿಗೆ ಖಾರ ಹತ್ತುವುದಿಲ್ಲ ಎಂದು ಅದನ್ನೇ ಹೇಳಿ ದಾಟಿದೆ. ಜೋಳದ ನುಸಿ ಕಾಳಿಗೆ ತೂತು ಕೊರೆದು, ಒಳಗೆ ಮೊಟ್ಟೆಯಿಟ್ಟು, ಮೇಲೆ ಅಂಟು ಬಳಿದು ಬಾಯಿ ಮುಚ್ಚುತ್ತದೆ. ಇದನ್ನು ಭೂತಗನ್ನಡಿ ಹಿಡಿದು ಕುತ್ತಿಗೆ ನೋಯುವ ತನಕ ನೋಡಿದೆ. ಗಾಳಿಯಲ್ಲಿ ತುಂಬಿದ ಹಿಟ್ಟಿನ ಧೂಳಿಗೆ ಕಿಡಿ ತಗುಲಿದರೆ ಅದು ಮದ್ದಿನ ಹಾಗೆ ಸಿಡಿಯುತ್ತದೆ ಎಂಬುದು ಗಿರಣಿಯವರಿಗೆ ಗೊತ್ತಿರಲೇಬೇಕಾದದ್ದು. ಅದನ್ನೂ ದೋಣಿಗೆ ಕೊಟ್ಟೆ. ನೆಂಟರಿಷ್ಟರ ಮನೆಯ ಮದುವೆಗೆ ಹೋದಾಗಲೂ ನನ್ನ ಕಣ್ಣು ಮಂಟಪದ ಮೇಲಿರದೆ, ಅದರ ಬಿದಿರಿನ ಮೇಲೆ ಏನು ಹರಿದಾಡುತ್ತಿದೆ ಎಂಬುದರ ಮೇಲಿರುತ್ತಿತ್ತು.

ಮನೆಯಲ್ಲಿ ಕಸ್ತೂರಿಯ ಕೈ ಬಿಡಿಸುವುದು ಅದಕ್ಕಿಂತ ಕಷ್ಟವಾಯಿತು. ಅವಳ ಕೈಗಳು ಸುಮ್ಮನಿರುತ್ತಿರಲಿಲ್ಲ. ಹಾಲು ಬೇಕೆಂದರೆ ಹಿಂಡುವಂತೆ ಮಾಡುವಳು, ಅಪ್ಪ ಎಲ್ಲಿ ಎನ್ನಲು ಮೀಸೆ ತಿರುವುವಳು. ನಾನು ಅವಳ ಕೈಗಳನ್ನು ಕೆಳಗೆ ಒತ್ತಿ ನನ್ನ ತುಟಿ ತೋರಿಸುತ್ತಿದ್ದೆ. ಅದಕ್ಕೂ ಬಗ್ಗದಿದ್ದಾಗ ಹಿಟ್ಟಿನ ಡಬ್ಬಿಯೊಂದನ್ನು ಅವಳ ಎರಡೂ ಕೈಗೆ ಕೊಟ್ಟು, ಹಿಡಿದುಕೊಂಡೇ ಕೇಳಬೇಕೆಂದು ಕೂರಿಸುತ್ತಿದ್ದೆ. ಅವಳು ಡಬ್ಬಿಯ ಮೇಲಿಂದ ನನ್ನನ್ನು ನೋಡುತ್ತ "ಹಾ... ಉ" ಅನ್ನುತ್ತಿದ್ದಳು. ಹಾಲು ಎಂದು ನನಗೆ ತಿಳಿಯುತ್ತಿತ್ತು. ಬೇರೆಯವರಿಗೆ ತಿಳಿಯುತ್ತಿರಲಿಲ್ಲ.

ಅವಳ ಹಲ್ಲು ಒಂದೊಂದಾಗಿ ಬಿದ್ದು ಹುಟ್ಟಿದವು. ಕೊನೆಯ ಹಲ್ಲು ಬಂದ ವರ್ಷ ಜಟ್ಟೆಪ್ಪ ಅದನ್ನು ನೋಡಿ ತಲೆ ಕೆರೆದುಕೊಂಡ.

"ತಂಗಿ, ಮಂದಿ ಕೇಳಾಕತ್ಯಾರ. ಹುಡುಗಿ ಪಾಳಿ ಯಾವಾಗ ಅಂತ."

"ಹೇಳ್ತಾಳ," ಅಂದೆ. "ಯುಗಾದಿ ಹೊತ್ತಿಗೆ ಹೇಳ್ತಾಳ. ಆಮ್ಯಾಲೆ ಒಬ್ಬಾಕೀನ ಬರ್ತಾಳ. ನೋಡ್ತಿರು."

ಒಂದು ನಿಜವನ್ನು ಆರಿಸಿ ಇಟ್ಟಿದ್ದೆ. ಪಾರಿವಾಳಗಳಲ್ಲಿ ತಾಯಿಯಂತೆ ತಂದೆಯ ಗಂಟಲಿನಲ್ಲೂ ಒಂದು ಬಗೆಯ ಹಾಲು ಊರುತ್ತದೆ. ಮರಿಗೆ ಎರಡೂ ಅದನ್ನು ಉಣಿಸುತ್ತವೆ. ಕಸ್ತೂರಿಗೆ ತುಟಿ ಕೂಡಿಸಿ ಆಡುವ ಅಕ್ಷರಗಳು ಚೆನ್ನಾಗಿ ಬರುತ್ತಿದ್ದವು. ಅದಕ್ಕೇ ಈ ಮಾತು ಆರಿಸಿದೆ. "ಅಪ್ಪ ಪಾರಿವಾಳಕೂ ಹಾಲು ಬರತೈತಿ." ಇಷ್ಟೇ. ಇದನ್ನು ಬೆಳಿಗ್ಗೆ ಹೇಳಿಸಿದೆ, ಊಟಕ್ಕೆ ಮೊದಲು ಹೇಳಿಸಿದೆ, ಜಡೆ ಹೆಣೆಯುತ್ತ ಹೇಳಿಸಿದೆ. ಗಿರಣಿಯ ಬಾಗಿಲಲ್ಲಿ ನಿಲ್ಲಿಸಿ, ಒಳಗಿನ ಸದ್ದನ್ನು ಮೀರಿ ಕೇಳುವಂತೆ ಗಟ್ಟಿಯಾಗಿ ಹೇಳಿಸಿದೆ. "ಳ" ಬರಲು ಒಂದು ಚಳಿಗಾಲ ಹಿಡಿಯಿತು. ಕೊನೆಗೆ ಹಿಟ್ಟು ಹಾಕಿಸಲು ಬಂದವರೂ ಹೌದು, ತಿಳಿಯುತ್ತದೆ ಅಂದರು. ಆ ದಿನ ಕಸ್ತೂರಿಗೆ ಬೆಲ್ಲದ ಪುಟಾಣಿ ಉಂಡೆ ಮಾಡಿಕೊಟ್ಟೆ.

ಯುಗಾದಿಯ ಮುಂಚಿನ ಸಂತೆಯ ದಿನ ನಾವು ಹೊರಟೆವು. ಎಲ್ಲರೂ ಕೇಳಲಿ ಎಂದು ಬೇಕೆಂತಲೇ ತುಂಬಿದ ದೋಣಿ ಆರಿಸಿದ್ದೆ. ಹುಸೇನ್‌ಬಿ ಅಕ್ಕ ಮೆಣಸಿನಕಾಯಿ ಚೀಲದ ಜೊತೆ ಕುಳಿತಿದ್ದಳು. ಹಸುಗೂಸಿನ ತಾಯಿಯೊಬ್ಬಳು, ಕುಂಬಾರರ ಇಬ್ಬರು, ಕೈಕಾಲು ನೋವಿಗೆ ಔಷಧಿ ತರಲು ಹೊರಟ ಮುದುಕಪ್ಪ. ಕಸ್ತೂರಿ ಊಟದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಜಟ್ಟೆಪ್ಪ ಹಗ್ಗ ಬಿಚ್ಚಿದ.

"ಅಪ್ಪ ಪಾರಿವಾಳಕೂ ಹಾಲು ಬರತೈತಿ," ಅಂದಳು ಕಸ್ತೂರಿ.

ಪ್ರತಿ ಅಕ್ಷರವೂ ಇತ್ತು. ನಾನು ಉಸಿರು ಬಿಟ್ಟೆ. ದೋಣಿ ಅಲುಗಲಿಲ್ಲ.

ಅವಳು ನನ್ನತ್ತ ನೋಡಿದಳು. ಇನ್ನೊಮ್ಮೆ ಹೇಳು ಎಂದು ಸನ್ನೆ ಮಾಡಿದೆ. ಇನ್ನೊಮ್ಮೆ ಹೇಳಿದಳು, ಗಂಟಲ ನರ ಉಬ್ಬುವಂತೆ. ನೀರು ದೋಣಿಯ ಪಕ್ಕಕ್ಕೆ ಬಡಿಯುತ್ತಿತ್ತು, ಅಷ್ಟೇ. ಕುಂಬಾರರಲ್ಲಿ ಒಬ್ಬ ಕೆಳಗೆ ನೋಡಿದ. ಈ ದನಿ ದೋಣಿಗೆ ತಿಳಿಯಲಿಲ್ಲವೆಂದು ನನಗೆ ಅನ್ನಿಸಿತು. ಅವಳು ಆಡುವುದು ಮನುಷ್ಯರ ಮಾತೇ ಅಲ್ಲವೆಂದು ದೋಣಿ ಎಲ್ಲರೆದುರು ಹೇಳಿದಂತಾಯಿತು. ಇಷ್ಟು ವರ್ಷ ಯಾವುದೂ ಅಷ್ಟು ನೋಯಿಸಿರಲಿಲ್ಲ.

ಹುಸೇನ್‌ಬಿ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. "ಯವ್ವಾ ಶಾವಂತ್ರಿ," ಅಂದಳು ಮೆಲ್ಲಗೆ. "ಆ ಮಾತು ನಾ ಹೇಳಿಬಿಟ್ಟೀನಿ. ಹೋದ ತಿಂಗಳು. ಮಗಳಿಗೆ ಹೆರಿಗಿ ಬ್ಯಾನಿ ಸುರು ಆಗಿತ್ತು, ಆಚಿ ದಡಕ್ಕ ಹೋಗಬೇಕಾಗಿತ್ತು. ನನ್ನಂತ್ಯಾಕ ಇಟ್ಟದ್ದು ಏನೂ ಇರ್ಲಿಲ್ಲ. ಗಿರಣಿ ಮುಂದ ದಿನಾ ಕೇಳಿದ್ದು ಬಾಯಿಗೆ ಬಂತು. ಹೇಳಿಬಿಟ್ಟೆ. ನಿನಗ ಹೇಳಾಕ ಮುಖ ಇರ್ಲಿಲ್ಲ."

ಅವಳ ಮಗಳಿಗೆ ಹೆರಿಗೆಯಾಗಿ ಗಂಡುಕೂಸು ಹುಟ್ಟಿದ್ದು ನನಗೆ ಗೊತ್ತಿತ್ತು. ನಾನೇ ಹೋಗಿ ಕುಲಾವಿ ಕೊಟ್ಟು ಬಂದಿದ್ದೆ. ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

"ಆತು, ಯಾರರ ಒಂದು ಹೇಳ್ರಿ," ಅಂದ ಮುದುಕಪ್ಪ. "ಬಿಸಲು ಏರಾಕತ್ತೈತಿ."

"ಬ್ಯಾಡ," ಅಂದೆ. "ಈ ಪಾಳಿ ಆಕೀದು. ಆಕೀನ ಹೇಳಬೇಕು."

"ಮತ್ತ ಆಕಿಗೆ ಬ್ಯಾರೆ ಗೊತ್ತೈತೇನು ತಂಗಿ?" ಎಂದು ಕೇಳಿದ ಜಟ್ಟೆಪ್ಪ.

ನನಗೆ ಗೊತ್ತಿರಲಿಲ್ಲ. ಅವಳಿಗೆ ಒಂದೇ ಮಾತು ಕಲಿಸಿದ್ದೆ. ಬಗ್ಗಿ ಅವಳ ಮುಖಕ್ಕೆ ಮುಖ ಕೊಟ್ಟು, ತುಟಿಯನ್ನು ದೊಡ್ಡದಾಗಿ ಆಡಿಸಿ "ಬ್ಯಾರೆ? ಬ್ಯಾರೆ ಏನರ?" ಅಂದೆ. ಅವಳು ನನ್ನ ತುಟಿಯನ್ನೇ ನೋಡಿದಳು. ಆಮೇಲೆ ದೋಣಿಯಲ್ಲಿ ಕುಳಿತವರನ್ನೆಲ್ಲ ಒಂದು ಸುತ್ತು ನೋಡಿದಳು. ಊಟದ ಡಬ್ಬಿಯನ್ನು ಹಲಗೆಯ ಮೇಲೆ ಇಟ್ಟಳು. ನನ್ನ ಕೈ ಅಭ್ಯಾಸದಿಂದ ಅವಳ ಕೈಯನ್ನು ತಡೆಯಲು ಹೋಯಿತು. ಅವಳು ಅದನ್ನು ಪಕ್ಕಕ್ಕೆ ಸರಿಸಿದಳು. ಒರಟಾಗಿ ಅಲ್ಲ, ಮುಖಕ್ಕೆ ಬಂದ ಕೂದಲನ್ನು ಸರಿಸುವ ಹಾಗೆ.

ಎರಡೂ ಅಂಗೈಗಳನ್ನು ಮುಂದೆ ಊರಿದಂತೆ ಮಾಡಿ ಒಂದು ಸಲ ಕುಪ್ಪಳಿಸಿದಳು. ಬೆರಳೊಂದನ್ನು ಬಾಯಿಂದ ಚಾಚಿ ಸರಕ್ಕನೆ ಒಳಗೆಳೆದುಕೊಂಡಳು. ಆಮೇಲೆ ಎರಡೂ ಮುಷ್ಟಿಗಳನ್ನು ಹುಬ್ಬಿನ ಮೇಲಿಟ್ಟು, ಕಣ್ಣು ಮುಚ್ಚಿ, ಮುಷ್ಟಿಗಳನ್ನು ಕೆನ್ನೆಯ ಮೇಲಿಂದ ಬಾಯಿಯತ್ತ ಜಾರಿಸಿ, ಗಂಟಲಲ್ಲಿ ಏನನ್ನೋ ಗಳಕ್ಕನೆ ನೂಕಿದಂತೆ ಮಾಡಿದಳು. ಮುಷ್ಟಿಗಳು ಮತ್ತೆ ಹುಬ್ಬಿಗೆ ಹೋದವು. ಕಣ್ಣು ತೆರೆದಳು.

ದೋಣಿ ಹೊರಟಿತು.

ಜಟ್ಟೆಪ್ಪನ ಕೈಯಲ್ಲಿ ಹಗ್ಗದ ತುದಿ ಹಾಗೇ ಇತ್ತು. ದಡ ದೂರವಾಯಿತು. ನಡುನೀರಿನ ಹತ್ತಿರ ಬಂದಾಗ ಹಸುಗೂಸಿನ ತಾಯಿ ಕೇಳಿದಳು.

"ಆಕಿ ಹೇಳಿದ್ದೇನ್ರೀ ಅಕ್ಕಾ?"

ಎಲ್ಲರೂ ನನ್ನನ್ನು ನೋಡಿದರು. ತಾಯಿಯಲ್ಲವೇ, ನನಗೆ ಗೊತ್ತಿರಲೇಬೇಕು.

"ತಲಿನೋವು ಅಂತೇನೋ ಅಂದ್ಲು," ಅಂದ ಮುದುಕಪ್ಪ.

"ತಲಿನೋವಿಗೆ ದೋಣಿ ಹೋಗತೈತೇನ್ ಮುತ್ಯಾ?" ಅಂದಳು ಹುಸೇನ್‌ಬಿ ಅಕ್ಕ. "ಶಾವಂತ್ರಿ, ಏನಂದ್ಲು ಹೇಳವ್ವ."

"ನನಗ ತಿಳೀಲಿಲ್ಲ," ಅಂದೆ.

ಕಸ್ತೂರಿ ದೋಣಿಯ ಮುಂದಿನ ಹಲಗೆಯ ಮೇಲೆ ಕುಳಿತು ನೀರು ನೋಡುತ್ತಿದ್ದಳು. ಅವಳಿಗೆ ಹೆಮ್ಮೆಯೂ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಹೇಳಬೇಕಾದ್ದನ್ನು ಹೇಳಿದವರ ಹಾಗೆ ಇದ್ದಳು.

ಶಾಲೆಯಲ್ಲಿ ವಾರಿಜಾ ಅಕ್ಕೋರನ್ನು ಕೇಳಿದೆ. ಅವಳು ಮಾಡಿದ್ದನ್ನು ಮಾಡಿ ತೋರಿಸಿದೆ. ಅವರಿಗೂ ತಿಳಿಯಲಿಲ್ಲ. ನಮ್ಮ ಪಕ್ಕದಲ್ಲಿ ಸಾಲಾಗಿ ಕೈಕಟ್ಟಿ ಕುಳಿತಿದ್ದ ಮಕ್ಕಳು ನನ್ನ ಮುಷ್ಟಿಗಳನ್ನು ನೋಡಿ ಕುಲುಕಿ ಕುಲುಕಿ ನಕ್ಕರು. ಅವರಿಗೆಲ್ಲ ತಿಳಿದಿತ್ತು. ನಾವಿಬ್ಬರು ದೊಡ್ಡವರು ಮಾತ್ರ ಕಣ್ಣು ಕಣ್ಣು ಬಿಡುತ್ತ ನಿಂತಿದ್ದೆವು.

ಮಧ್ಯಾಹ್ನ ಬೇರೊಬ್ಬರ ಪಾಳಿಯಲ್ಲಿ ದಾಟಿ ಮನೆಗೆ ಬಂದೆ. ಗಿರಣಿ ಓಡುತ್ತಿತ್ತು. ಈರಸಂಗಪ್ಪ ಮೈಯೆಲ್ಲ ಹಿಟ್ಟಾಗಿ ನಿಂತಿದ್ದ. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಬಾಗಿಲಲ್ಲೇ ನಿಂತು ಅವನಿಗೆ ಕಾಣುವ ಹಾಗೆ ಕುಪ್ಪಳಿಸಿದೆ, ಬೆರಳು ಚಾಚಿದೆ, ಮುಷ್ಟಿಗಳನ್ನು ಹುಬ್ಬಿನಿಂದ ಬಾಯಿಗೆ ಇಳಿಸಿದೆ. ಅವನು ಮುಗುಳ್ನಗುತ್ತ ತಲೆಯಾಡಿಸಿ, ಕೈಯಲ್ಲಿ ಏನೋ ಉತ್ತರ ಕೊಟ್ಟ. ಆಮೇಲೆ ಅವನ ಕೈ ಅರ್ಧಕ್ಕೇ ನಿಂತಿತು. ಎದುರಿಗಿರುವುದು ಮಗಳಲ್ಲ, ನಾನು ಎಂದು ಆಗ ಅವನಿಗೆ ಅರಿವಾದಂತಿತ್ತು. ಗಿರಣಿ ನಿಲ್ಲಿಸಿದ.

"ಏನದು?" ಅಂದೆ.

"ಕಪ್ಪಿ," ಅಂದ. "ಕಪ್ಪಿ ಹುಳ ನುಂಗುವಾಗ ಕಣ್ಣು ಮುಚ್ಚತೈತಲ್ಲ, ಸುಮ್ನ ಮುಚ್ಚೂದಲ್ಲ ಅದು. ಕಣ್ಣಿನ ಗುಡ್ಡಿ ಎರಡೂ ಒಳಗ ಇಳಿದು ಹುಳಾನ ಗಂಟಲಿಗೆ ನೂಕತಾವ. ಹೋದ ವಾರ ದನ ನೀರು ಕುಡಿಯೂ ಕಲ್ಲಿನ ದೋಣಿ ಹತ್ರ ಕುಂತು ನೋಡಿ, ಬಂದು ನನಗ ಹೇಳಿದ್ಲು."

"ನಿಮಗ ಹೇಳಿದ್ಲು."

"ಹೂಂ."

"ಎಷ್ಟು ದಿನದಿಂದ ನಡದೈತಿ ಇದು?"

ಅವನು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. "ಈ ಸಪ್ಪಳದಾಗ ನಾ ಬಾಯಿಲೆ ಏನ್ ಮಾತಾಡ್ಲಿ? ನೀ ಹೊರಗ ಹೋದಾಗ ಆಕಿ ಇಲ್ಲಿ ಬಂದು ಕೂಡತಿದ್ಲು. ಕೈ ಮಾಡತಿದ್ಲು. ನಾನೂ ಮಾಡಿದೆ. ಬರಬರತ ಎಲ್ಲಾ ತಿಳಿಯಾಕತ್ತು. ಈ ಊರಾಗ ನನಕೂಡ ಆಕಿ ಮಾತಾಡಿದಷ್ಟು ಯಾರೂ ಮಾತಾಡಂಗಿಲ್ಲ, ಶಾವಂತ್ರಿ."

"ನನಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರ ಬಿಡಸ್ತಿದ್ದಿ."

ಅದು ನಿಜ. ಬಿಡಿಸುತ್ತಿದ್ದೆ. ಅಂಗಳದ ಕಟ್ಟೆಯ ಮೇಲೆ ಹೋಗಿ ಕುಳಿತೆ. ಸಿಟ್ಟು ಅವನ ಮೇಲೋ, ದೋಣಿಯ ಮೇಲೋ, ಇಷ್ಟು ದಿನ ಲೋಕದ ಹುಳಹುಪ್ಪಟೆಯನ್ನೆಲ್ಲ ಭೂತಗನ್ನಡಿ ಹಿಡಿದು ನೋಡಿದ ನನ್ನ ಕಣ್ಣಿನ ಮೇಲೋ ತಿಳಿಯಲಿಲ್ಲ. ಅವನು ನೀರು ತಂದುಕೊಟ್ಟ. ಕುಡಿದು ತಂಬಿಗೆ ಕೆಳಗಿಟ್ಟೆ.

"ಕಲಸ್ರಿ," ಅಂದೆ.

"ನಾ ಅಲ್ಲ. ನಂದು ಒರಟು ಕೈ. ಆಕಿ ಕಡೆನ ಕಲಿ."

ಸಂಜೆ ಕಸ್ತೂರಿಯನ್ನು ಕರೆತಂದ ಮೇಲೆ, ದನ ನೀರು ಕುಡಿಯುವ ಕಲ್ಲಿನ ದೋಣಿಯ ಹತ್ತಿರ ಅವಳ ಜೊತೆ ಕುಳಿತೆ. ಮುಷ್ಟಿಗಳನ್ನು ಹುಬ್ಬಿನ ಮೇಲಿಟ್ಟು, ಎಲ್ಲಿ, ತೋರಿಸು ಎಂಬಂತೆ ನೋಡಿದೆ. ಅವಳು ಮೊದಲು ನಂಬಲಿಲ್ಲ. ನನ್ನ ಕೈ ನೋಡಿದಳು, ಮುಖ ನೋಡಿದಳು, ಮತ್ತೆ ಕೈ ನೋಡಿದಳು. ಆಮೇಲೆ ನನ್ನ ಮುಷ್ಟಿಗಳನ್ನು ಹಿಡಿದು, ಸ್ವಲ್ಪ ಹೊರಕ್ಕೆ ಸರಿಸಿ, ಸರಿ ಮಾಡಿದಳು. ನಾನು ಅವಳ "ಪ" ತಿದ್ದಿದ ಹಾಗೆಯೇ.

ಪಾಚಿಯ ಮೇಲೆ ಒಂದು ಕಪ್ಪೆ ಕುಳಿತಿತ್ತು. ಬಹಳ ಹೊತ್ತು ಕಾದೆವು. ನೊಣವೊಂದು ಬಂತು. ನಾಲಗೆ ಚಾಚಿದ್ದು ನನಗೆ ಕಾಣಿಸಲೇ ಇಲ್ಲ, ಆದರೆ ನುಂಗಿದ್ದು ಕಂಡಿತು. ಉಬ್ಬಿದ ಎರಡೂ ಕಣ್ಣುಗಳು ಹಿಟ್ಟಿನಲ್ಲಿ ಬೆರಳು ಅದ್ದಿದಂತೆ ತಲೆಯೊಳಗೆ ಇಳಿದು ಹೋದವು, ಗಂಟಲು ಉಬ್ಬಿತು, ಕಣ್ಣು ಮತ್ತೆ ಮೇಲೆದ್ದವು. ಇದೇ ಕಪ್ಪೆಗಳ ಪಕ್ಕದಲ್ಲಿ ನಾನು ಎಷ್ಟೋ ಸಲ ಬಟ್ಟೆ ಒಗೆದಿದ್ದೆ. ಕಸ್ತೂರಿ ನನ್ನ ಮೊಣಕೈ ತಟ್ಟಿ, ಕಂಡಿತೇ ಎಂದು ಹುಬ್ಬು ಹಾರಿಸಿದಳು. ಕಂಡಿತು ಅಂದೆ. ಬಾಯಲ್ಲಿ ಅಂದೆ, ಆಮೇಲೆ ಕೈಯಲ್ಲಿ ಅದನ್ನು ಹೇಗೆ ಹೇಳುವುದೆಂದು ಅವಳೇ ತೋರಿಸಿಕೊಟ್ಟಳು.

ಮಾರನೆಯ ದಿನ ವಾರಿಜಾ ಅಕ್ಕೋರ ಮುಂದೆ ಹೋಗಿ ನಿಂತೆ.

"ಮಕ್ಕಳ ಕೈ ಬಿಚ್ಚಸ್ರಿ ಅಕ್ಕೋರ."

ಅವರು ಚಶ್ಮಾ ತೆಗೆದರು. "ಶಾವಂತ್ರಿಯವರ, ಹೊರಗಿನ ಮಂದಿಗೆ ಕೈಮಾತು ತಿಳೀತದೇನು? ಅಂಗಡಿಯವಗ? ಡಾಕ್ಟರಿಗೆ? ಆ ಮಕ್ಕಳು ತಮ್ಮ ತಮ್ಮೊಳಗ ಉಳಕೊಂಡಬಿಡತಾವ. ಅದಕ್ಕ ನಾ ಇಷ್ಟು ವರ್ಷ ಹೊಡದಾಡೀನಿ."

"ನಾನೂ ಹೊಡದಾಡೀನ್ರಿ. ನೀವು ಕಲಿಸಿದ ಮಾತು ಬ್ಯಾಡ ಅನ್ನಂಗಿಲ್ಲ, ಅದೂ ಇರ್ಲಿ. ಆದ್ರ ಒಮ್ಮೆ ನಮ್ಮ ದೋಣಿ ಹತ್ರಿ. ನೋಡಿ ಆಮ್ಯಾಲೆ ಹೇಳ್ರಿ."

ಅವರು ಆ ದಡದಲ್ಲೇ ಹುಟ್ಟಿ ಬೆಳೆದವರು. ದೋಣಿ ಹತ್ತುವ ಪ್ರಸಂಗ ಎಂದೂ ಬಂದಿರಲಿಲ್ಲ. ಬರುತ್ತೇನೆ ಎಂದು ಅವರು ಹೇಳಲು ಇನ್ನೂ ಕೆಲವು ದಿನ ಅವರ ಬಾಗಿಲಿಗೆ ಅಲೆಯಬೇಕಾಯಿತು. ಕೊನೆಗೆ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಬಂದು ಕುಳಿತರು. ಕಸ್ತೂರಿ ಅವರೆದುರು ಕುಳಿತು, ಕೈಗಳನ್ನು ರೆಕ್ಕೆ ಮಾಡಿ, ಹೂವಿನ ಮೇಲೆ ಇಳಿಸಿ, ಹೆಬ್ಬೆರಳು ತೋರುಬೆರಳುಗಳ ತುದಿಯನ್ನು ಹೂವಿನ ಮೇಲೆ ಒತ್ತಿ, ಆಮೇಲೆ ಅದೇ ಬೆರಳುಗಳನ್ನು ತನ್ನ ನಾಲಗೆಗೆ ಮುಟ್ಟಿಸಿ ಚಪ್ಪರಿಸಿದಳು. ಈ ಸಲ ನನಗೆ ತಿಳಿಯಿತು. ಚಿಟ್ಟೆ ಕಾಲಿನಲ್ಲಿ ರುಚಿ ನೋಡುತ್ತದೆ ಎನ್ನುತ್ತಿದ್ದಳು. ದೋಣಿ ದಡ ಬಿಟ್ಟಿತು. ಅಕ್ಕೋರು ಅಂಚಿನ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ತುಟಿ ಅಲುಗುತ್ತಿತ್ತು, ಶಬ್ದ ಬರುತ್ತಿರಲಿಲ್ಲ.

ಮರಳಿ ಹೋಗಲು ಅವರ ಬಳಿ ಏನೂ ಇರಲಿಲ್ಲ. ಗೊತ್ತಿದ್ದ ಎರಡು ಮೂರನ್ನು ಹೇಳಿ ನೋಡಿದರು, ಎಲ್ಲ ಹಳೆಯವು. ನಮ್ಮ ಮನೆಯಲ್ಲೇ ಉಳಿದರು. ಭಾನುವಾರ ಇಡೀ ದಿನ ಕಸ್ತೂರಿ ಅವರನ್ನು ಅಂಗಳ, ಹಿತ್ತಿಲು, ಗಿರಣಿಯ ಹಿಂದಿನ ಕಸದ ಗುಂಡಿ ಎಲ್ಲ ಸುತ್ತಿಸಿದಳು. ಅವರಿಬ್ಬರ ನಡುವೆ ಏನು ಮಾತುಕತೆಯಾಯಿತೋ, ನಾನು ರೊಟ್ಟಿ ಬಡಿಯುತ್ತಿದ್ದೆ. ಕಿಟಕಿಯಿಂದ ಕಂಡದ್ದಿಷ್ಟು: ಕಸ್ತೂರಿ ಏನನ್ನೋ ತೋರಿಸಿದಳು, ಅಕ್ಕೋರು ತಪ್ಪು ತಪ್ಪಾಗಿ ಕೈಯಾಡಿಸಿದರು, ಅವಳು ತಿದ್ದಿದಳು. ಸೋಮವಾರ ಬೆಳಿಗ್ಗೆ ದೋಣಿಯಲ್ಲಿ ಅಕ್ಕೋರೇ ಹೇಳಿದರು. ಮುಟ್ಟಿದರೆ ಮುನಿಯನ್ನು ಪೆಟ್ಟಾ‌ಗದಂತೆ ಮೇಲಿಂದ ಮೇಲೆ ಬೀಳಿಸುತ್ತಿದ್ದರೆ, ಇದರಿಂದ ತನಗೆ ಏನೂ ಆಗುವುದಿಲ್ಲವೆಂದು ಅದು ಕಲಿತುಕೊಂಡು ಎಲೆ ಮುಚ್ಚುವುದನ್ನು ಬಿಡುತ್ತದೆ ಎಂದು. ಕುಂಡವೊಂದರಲ್ಲಿದ್ದ ಗಿಡವನ್ನು ಮೆತ್ತನೆಯ ಗೋಣಿಚೀಲದ ಮೇಲೆ ಎತ್ತಿ ಎತ್ತಿ ಬೀಳಿಸಿ ಇಬ್ಬರೂ ನೋಡಿದ್ದರಂತೆ.

ಅಕ್ಕೋರು ಶಾಲೆಯ ಪದ್ಧತಿಯನ್ನು ಒಮ್ಮೆಲೇ ಬಿಡಲಿಲ್ಲ. ಕಾಗದದ ಚೂರು ಈಗಲೂ ಹಾರುತ್ತದೆ, ಗಂಟಲ ಮೇಲೆ ಕೈ ಇಡಿಸುವುದೂ ಇದೆ. ಆದರೆ ಮಧ್ಯಾಹ್ನದ ಮೇಲೆ ಯಾರೂ ಕೈಕಟ್ಟಿ ಕೂರುವುದಿಲ್ಲ. ಆ ಹೊತ್ತಿನಲ್ಲಿ ಶಾಲೆಯ ಕಿಟಕಿಯ ಪಕ್ಕ ಹಾದು ಹೋದರೆ ಒಳಗೆ ಒಂದೂ ಸದ್ದಿಲ್ಲ, ಆದರೆ ಗದ್ದಲವೋ ಗದ್ದಲ.

ಮಳೆ ಶುರುವಾಗುವ ಮೊದಲು ಕಸ್ತೂರಿ ಒಬ್ಬಳೇ ಹೋಗುವುದೆಂದು ನಿಶ್ಚಯವಾಯಿತು. ನಿಶ್ಚಯ ಮಾಡಿದ್ದು ಅವಳು. ನಾನು ಜೊತೆಗೆ ಬರುತ್ತೇನೆ, ಇನ್ನೊಂದು ವಾರ ಅಷ್ಟೇ ಎಂದು ಕೈಯಲ್ಲಿ ಹೇಳಿದೆ. ಬೇಡ ಎಂದು ಕೈಯಲ್ಲೂ ಹೇಳಿದಳು, "ಬ್ಯಾಡ" ಎಂದು ಬಾಯಲ್ಲೂ ಹೇಳಿದಳು.

ಬೆಳಗಿನ ದೋಣಿಯಲ್ಲಿ ಅವಳೊಬ್ಬಳೇ ಇದ್ದಳು. ದಡದ ಮೆಟ್ಟಿಲ ಮೇಲೆ ನಿಂತಿದ್ದ ನನ್ನನ್ನು ಜಟ್ಟೆಪ್ಪ ಒಮ್ಮೆ ನೋಡಿ ಹಗ್ಗ ಬಿಚ್ಚಿದ. ಅವಳು ಆಚೆ ದಡಕ್ಕೆ ಮುಖ ಮಾಡಿ ಕುಳಿತಿದ್ದಳು. ನನಗೆ ಕಂಡದ್ದು ಅವಳ ಬೆನ್ನು, ಎರಡು ಜಡೆ, ಎಡಬಲಕ್ಕೆ ಆಡುತ್ತಿದ್ದ ಮೊಣಕೈ. ಏನೋ ಉದ್ದದ್ದನ್ನೇ ಹೇಳುತ್ತಿದ್ದಳು. ದೋಣಿ ಹೊರಟಿತು. ಏನು ಹೇಳಿದಳೆಂದು ನನಗೆ ತಿಳಿಯಲಿಲ್ಲ. ನೀರು ಅಗಲವಾಗುವ ತನಕ ನಿಂತಿದ್ದು, ಗಿರಣಿ ತೆರೆಯಲು ಹೊತ್ತಾಯಿತೆಂದು ಮನೆಗೆ ನಡೆದೆ.